ಕಪ್ಪು ಹಾಳೆ, ಬಿಳಿ ಹಾಳೆ

ಹಳೆಯ ಅನಲಾಗ್ ಜೆರಾಕ್ಸ್ ಯಂತ್ರ ಕೆಟ್ಟಿದೆ ಎಂದು ಫೋನು ಬಂದರೆ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಹಾಳೆ ಕಪ್ಪಗೆ ಬರುತ್ತಿದೆಯೋ, ಬೆಳ್ಳಗೆ ಬರುತ್ತಿದೆಯೋ? ಶಿವಮೊಗ್ಗದಲ್ಲಿ ತೀರ್ಥಹಳ್ಳಿಯ ಅಥವಾ ಹೊಸನಗರದ ಬಸ್ಸು ಹತ್ತುವ ಮೊದಲು ಇಷ್ಟು ತಿಳಿದರೆ ಚೀಲಕ್ಕೆ ಏನು ಹಾಕಿಕೊಳ್ಳಬೇಕು ಎಂಬುದು ಅರ್ಧ ತೀರ್ಮಾನವಾದಂತೆಯೇ. ಪೂರ್ತಿ ಕಪ್ಪು ಎಂದರೆ ಎಕ್ಸ್‌ಪೋಷರ್ ದೀಪದ ಮೇಲೆ ಅನುಮಾನ. ಪೂರ್ತಿ ಬಿಳಿ ಎಂದರೆ ಕರೋನಾ ವೈರಿನ ಮೇಲೆ.

ಕಾರಣ ಸರಳ. ಕತ್ತಲಲ್ಲಿ ತಿರುಗುವ ಡ್ರಮ್ಮಿನ, ಎಂದರೆ ಬೆಳಕಿಗೆ ಸ್ಪಂದಿಸುವ ಲೇಪನವಿರುವ ಉರುಳೆಯ, ಮೈಗೆ ಕರೋನಾ ವೈರು ವಿದ್ಯುದಾವೇಶ ತುಂಬುತ್ತದೆ. ದೀಪದ ಬೆಳಕು ಮೂಲಪ್ರತಿಯ ಬಿಳಿಭಾಗಕ್ಕೆ ಬಡಿದು, ಕನ್ನಡಿ ಮತ್ತು ಲೆನ್ಸಿನ ದಾರಿಯಲ್ಲಿ ಬಂದು ಡ್ರಮ್ಮಿನ ಮೇಲೆ ಬಿದ್ದ ಕಡೆ ಆ ಆವೇಶ ಇಳಿದುಹೋಗುತ್ತದೆ. ಅಕ್ಷರವಿದ್ದ ಕಡೆ ಬೆಳಕು ಬೀಳುವುದಿಲ್ಲ. ಅಲ್ಲಿ ಉಳಿದ ಆವೇಶ ಟೋನರನ್ನು, ಎಂದರೆ ಕಪ್ಪು ಪುಡಿಯನ್ನು, ಸೆಳೆಯುತ್ತದೆ. ದೀಪವೇ ಹೊತ್ತಿಕೊಳ್ಳದಿದ್ದರೆ ಡ್ರಮ್ಮಿನ ಪೂರ್ತಿ ಆವೇಶ ಹಾಗೆಯೇ ಉಳಿದು ಹಾಳೆ ಕಾಡಿಗೆಯಾಗುತ್ತದೆ. ವೈರು ಕಡಿದಿದ್ದರೆ ಆವೇಶವೇ ಏರಿಲ್ಲ, ಟೋನರ್ ಯಾವುದಕ್ಕೆ ಅಂಟಬೇಕು? ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಮೊದಲ ಪ್ರತಿ ತೆಗೆದಾಗ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ಆವೇಶ ಹುಟ್ಟಿಸಿದ್ದರು. ನಾನು ಬಿಚ್ಚಿ ಜೋಡಿಸಿದ ಯಂತ್ರಗಳಲ್ಲಿ ಆ ಕರವಸ್ತ್ರದ ಕೆಲಸವನ್ನು ವೈರು ಮಾಡುತ್ತಿತ್ತು.

ಡಿಜಿಟಲ್ ಯಂತ್ರಗಳು ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಅವುಗಳಲ್ಲಿ ಲೇಸರ್ ಕಿರಣ ಅಕ್ಷರದ ಜಾಗಕ್ಕೇ ಬಡಿದು ಅಲ್ಲಿನ ಆವೇಶವನ್ನು ಇಳಿಸುತ್ತದೆ, ಟೋನರ್ ಹೋಗುವುದೂ ಆ ಇಳಿದ ಜಾಗಕ್ಕೇ. ಹಾಗಾಗಿ ಡ್ರಮ್ಮಿಗೆ ಆವೇಶ ಏರದಿದ್ದರೆ ಹಾಳೆ ಪೂರ್ತಿ ಕಪ್ಪು, ಲೇಸರ್ ಸತ್ತರೆ ಪೂರ್ತಿ ಬಿಳಿ. ಹಳೆಯ ಯಂತ್ರಗಳಲ್ಲಿ ಪಳಗಿದ ಕೈಗಳು ಇಲ್ಲಿ ಎಡವಿದ್ದನ್ನು ಕಂಡಿದ್ದೇನೆ: ಕಪ್ಪು ಹಾಳೆ ಕಂಡೊಡನೆ ಗಾಜು ಬಿಚ್ಚಿ ದೀಪಕ್ಕೆ ಕೈಹಾಕುವವರು. ದೀಪ ಹೋದರೂ ಕಪ್ಪೇ ಬರಬಹುದು, ಅದು ನಿಜ. ಆದರೆ ಕಂಪ್ಯೂಟರಿನಿಂದ ಒಂದು ಹಾಳೆ ಪ್ರಿಂಟ್ ಕೊಟ್ಟು ನೋಡಿದರೆ ಸ್ಕ್ಯಾನರಿನ ತಪ್ಪೋ ಡ್ರಮ್ಮಿನ ಕಡೆಯ ತಪ್ಪೋ ಎಂದು ಗೊತ್ತಾಗಿಬಿಡುತ್ತದೆ. ಈ ಸೌಲಭ್ಯ ನಮಗೆ ಆಗ ಇರಲಿಲ್ಲ.

ನಮಗಿದ್ದದ್ದು ಅರ್ಧದಲ್ಲಿ ನಿಲ್ಲಿಸುವ ಪರೀಕ್ಷೆ. ಕಾಪಿ ಬಟನ್ ಒತ್ತಿ, ಹಾಳೆ ಡ್ರಮ್ಮಿನ ಕೆಳಗೆ ಅರ್ಧ ಸಾಗಿದೆ ಎನ್ನುವಾಗ ಮೇನ್ ಸ್ವಿಚ್ ಆರಿಸಬೇಕು. ಆ ಕ್ಷಣ ಗೊತ್ತಾಗುತ್ತಿದ್ದದ್ದು ಕಿವಿಗೆ: ಹಾಳೆಯನ್ನು ತಡೆದು ನಿಲ್ಲಿಸಿಕೊಳ್ಳುವ ರೋಲರಿನ ಕ್ಲಚ್ಚು ‘ಟಕ್’ ಎಂದ ಮೇಲೆ ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮುಂಬಾಗಿಲು ತೆರೆದು ಡ್ರಮ್ಮನ್ನು ಮೆಲ್ಲಗೆ ಎಳೆದು ನೋಡುವುದು. ಡ್ರಮ್ಮಿನ ಮೇಲೆ ಅಕ್ಷರ ಸ್ವಚ್ಛವಾಗಿ ಮೂಡಿದ್ದು ಹಾಳೆಗೆ ಮಾತ್ರ ಇಳಿದಿಲ್ಲವೆಂದರೆ ತಪ್ಪು ಟೋನರನ್ನು ಹಾಳೆಗೆ ಸೆಳೆಯುವ ಟ್ರಾನ್ಸ್‌ಫರ್ ಕರೋನಾದಲ್ಲಿದೆ. ಡ್ರಮ್ಮಿನ ಮೇಲೆಯೇ ಏನೂ ಇಲ್ಲವೆಂದರೆ ಚಾರ್ಜು ಅಥವಾ ಟೋನರನ್ನು ಡ್ರಮ್ಮಿಗೆ ಒಯ್ಯುವ ಡೆವಲಪರ್. ಹಾಳೆಗೆ ಇಳಿದಿದ್ದು ಬೆರಳಿಗೆ ಮೆತ್ತಿದರೆ ಚಿಂತೆಯಿಲ್ಲ, ಅದಿನ್ನೂ ಟೋನರನ್ನು ಕಾಯಿಸಿ ಹಾಳೆಗೆ ಅಂಟಿಸುವ ಫ್ಯೂಸರ್ ತಲುಪಿಲ್ಲ; ಯಂತ್ರದಿಂದ ಹೊರಬಂದ ಮೇಲೂ ಮೆತ್ತಿದರೆ ಫ್ಯೂಸರ್ ಕಾದಿಲ್ಲ ಎಂದರ್ಥ. ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತಿದ್ದ ಊರುಗಳಲ್ಲಿ ಈ ಕೊನೆಯ ದೂರು ಮಾಮೂಲಿ. ಅಂಗಡಿಯವರು ಯಂತ್ರವನ್ನು ಬೈಯುತ್ತಿದ್ದರು, ನಾನು ಸ್ಟೆಬಿಲೈಸರಿನ ಮುಳ್ಳು ತೋರಿಸುತ್ತಿದ್ದೆ.

ಕರೋನಾ ವೈರು ಕಟ್ಟುವುದು ಈಗಿನ ಹುಡುಗರಲ್ಲಿ ಹೆಚ್ಚಿನವರು ನೋಡದ ಕೆಲಸ. ಕೂದಲಿಗಿಂತ ತೆಳ್ಳಗಿನ ಟಂಗ್‌ಸ್ಟನ್ ತಂತಿ, ಸುರುಳಿಯಲ್ಲಿ ಬರುತ್ತಿತ್ತು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿದರೆ ಮಾತ್ರ ಕಣ್ಣಿಗೆ ಬೀಳುವಂಥದ್ದು. ಸಣ್ಣ ಎಲ್-ಕೀ ಒಂದಕ್ಕೆ ತುದಿಯನ್ನು ಸುತ್ತಿ, ಕೀಯನ್ನು ತಿರುಗಿಸುತ್ತಾ ಹೋದರೆ ಹುರಿಗೊಂಡು ಕುಣಿಕೆಯಾಗುತ್ತದೆ. ಉಳಿದ ಬಾಲವನ್ನು ಬುಡದವರೆಗೆ ಕತ್ತರಿಸಬೇಕು. ಬಾಲ ಉಳಿದರೆ ಅಲ್ಲಿಂದಲೇ ಕಿಡಿ ಹಾರುತ್ತದೆ, ಸಾವಿರಾರು ವೋಲ್ಟಿನ ಸಂಗತಿ. ಇನ್ನೊಂದು ತುದಿ ಸ್ಪ್ರಿಂಗಿಗೆ. ಸ್ಪ್ರಿಂಗು ಪೂರ್ತಿ ಹಿಗ್ಗಬಾರದು, ಸಡಿಲವೂ ಆಗಬಾರದು. ಸಡಿಲವಾದರೆ ವೈರು ನಡುಗಿ ಕಾಪಿಯಲ್ಲಿ ಅಡ್ಡಪಟ್ಟೆ ಬರುತ್ತದೆ. ಬರಿಗೈಯಿಂದ ವೈರಿನ ನಡುಭಾಗ ಮುಟ್ಟುವಂತಿಲ್ಲ, ಎಲ್ಲಿಯೂ ಮಡಿಕೆ ಬೀಳುವಂತಿಲ್ಲ. ಎಲ್ಲ ಮುಗಿದ ಮೇಲೂ ಕಾಪಿಯ ಒಂದು ಅಂಚು ಕಪ್ಪಾಗಿ ಇನ್ನೊಂದು ಅಂಚು ತೆಳುವಾಗಿ ಬಂದರೆ, ವೈರಿನ ಎತ್ತರ ಹೊಂದಿಸುವ ತಿರುಪನ್ನು ಒಂದು ಕಡೆ ತುಸು ತಿರುಗಿಸಿ ಸಮ ಮಾಡಬೇಕು. ಈಗ ಆ ಜಾಗದಲ್ಲಿ ಹೆಚ್ಚಿನ ಸಣ್ಣ ಯಂತ್ರಗಳಲ್ಲಿ ರಬ್ಬರಿನ ಚಾರ್ಜಿಂಗ್ ರೋಲರ್ ಇದೆ. ಹಾಳಾದರೆ ಬದಲಿಸುವುದು, ಮುಗಿಯಿತು. ಇದಕ್ಕೆ ನನಗೆ ದುಃಖವಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಕರೋನಾದ ಓಜೋನ್ ಕುಡಿದು ಗಂಟಲು ಕೆರೆಸಿಕೊಂಡವರಿಗೆ ಈ ರೋಲರ್ ದೊಡ್ಡ ಉಪಕಾರ.

ಆದರೆ ಸ್ಟೀಲಿನ ಅಡಿಪಟ್ಟಿಯನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಹಾಳೆಯ ಮೇಲೆ ಒಂದೇ ತರಹದ ಚುಕ್ಕೆ ಮತ್ತೆ ಮತ್ತೆ ಬೀಳುತ್ತಿದ್ದರೆ ಅದು ಯಾವುದೋ ತಿರುಗುವ ಭಾಗದ ಗಾಯ. ಚುಕ್ಕೆಯಿಂದ ಚುಕ್ಕೆಗೆ ಅಳೆದು, ಆ ಅಳತೆಯನ್ನು 3.14ರಿಂದ ಭಾಗಿಸಿದರೆ ಆ ಭಾಗದ ವ್ಯಾಸ ಸಿಗುತ್ತದೆ. 94 ಮಿಲಿಮೀಟರ್ ಬಂದರೆ 30ರ ಡ್ರಮ್ಮು. ಎ4 ಹಾಳೆಯ ಉದ್ದದಲ್ಲಿ ಮೂರು ಸಲ ಕಾಣಿಸುತ್ತದೆ. 126 ಬಂದರೆ 40ರ ರೋಲರ್, ಫ್ಯೂಸರಿನ ಕಡೆ ನೋಡಬೇಕು. 80ರ ಡ್ರಮ್ಮಿದ್ದರೆ 251. ಅದು ಎ4ರಲ್ಲಿ ಎರಡನೆಯ ಸಲ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಇಂಥ ಪರೀಕ್ಷೆಗೆ ಕೋರ್ಟಿನ ಎದುರಿನ ಅಂಗಡಿಗಳೇ ಅನುಕೂಲ, ಅಲ್ಲಿ ಎ4ಕ್ಕಿಂತ ಉದ್ದದ ಲೀಗಲ್ ಹಾಳೆ ಸದಾ ಇರುತ್ತದೆ. ಯಾವ ಕಂಪನಿಯ ಯಂತ್ರವಾದರೂ, ಪರದೆಯ ಮೇಲೆ ಯಾವ ಎರರ್ ಕೋಡೂ ಬಾರದಿದ್ದರೂ ಈ ಲೆಕ್ಕ ಸುಳ್ಳಾಗುವುದಿಲ್ಲ. ಚುಕ್ಕೆ ಬಂತೆಂದು ಸೀದಾ ಡ್ರಮ್ ಯೂನಿಟ್ಟನ್ನೇ ಬದಲಿಸಿ, ಸಾವಿರಾರು ರೂಪಾಯಿ ಬಿಲ್ ಮಾಡಿದ ಮೇಲೂ ಅದೇ ಚುಕ್ಕೆ ಬರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅಡಿಪಟ್ಟಿಗೆ ಎಷ್ಟು ದುಡ್ಡು?

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ವಿದ್ಯೆ ಬೇಕಿತ್ತು. ತೇವ ಹೀರಿದ ಕಾಗದದಲ್ಲಿ ಟ್ರಾನ್ಸ್‌ಫರಿನ ಆವೇಶ ನಿಲ್ಲದೆ ಸೋರಿಹೋಗಿ ಅಕ್ಷರಗಳು ತೇಪೆತೇಪೆಯಾಗಿ ಮಾಸುತ್ತವೆ. ಫ್ಯೂಸರಿನಲ್ಲಿ ಅದೇ ಕಾಗದ ಸುರುಳಿಕೊಂಡು ಜಾಮ್ ಆಗುತ್ತದೆ. ಆಗುಂಬೆ ಕಡೆಯವರಿಗೆ ನಾನು ಹೇಳುತ್ತಿದ್ದ ಉಪಾಯ, ಕಾಗದದ ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಡುವುದು. ರೀಮನ್ನು ಬೇಕಾದಾಗಲೇ ಒಡೆಯುವುದು, ರಾತ್ರಿ ಟ್ರೇಯಲ್ಲಿ ಉಳಿದ ಹಾಳೆಗಳನ್ನು ತೆಗೆದು ಅದೇ ಕಪಾಟಿಗೆ ಸೇರಿಸುವುದು. ಅನೇಕ ಯಂತ್ರಗಳೊಳಗೆ ತೇವ ತಡೆಯುವ ಹೀಟರ್ ಇರುತ್ತದೆ. ಯಂತ್ರದ ಸ್ವಿಚ್ ಆರಿಸಿದರೂ ಅದು ಕೆಲಸ ಮಾಡುತ್ತಿರಬೇಕು. ಆದರೆ ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕಿತ್ತು ಮನೆಗೆ ಹೋಗುವ ಊರಿನಲ್ಲಿ ಅದರಿಂದ ಪ್ರಯೋಜನವೇನು? ಬೆಳಿಗ್ಗೆ ಕನ್ನಡಿಗಳ ಮೇಲೆ ಮಂಜು ಕೂತು ಮೊದಲ ಕಾಪಿಗಳು ಮಬ್ಬು. “ಮಾರಾಯರೇ, ನಿನ್ನೆ ಸರಿಯಿತ್ತಲ್ಲ!” ಎಂದು ಫೋನು. ಯಂತ್ರ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ನೋಡಿ ಎನ್ನುತ್ತಿದ್ದೆ. ಹೆಚ್ಚಿನ ಸಲ ಬಸ್ಸಿನ ಖರ್ಚು ಉಳಿಯುತ್ತಿತ್ತು.

ಟೋನರಿನದು ಪ್ರತ್ಯೇಕ ತಲೆನೋವು. ಕೆಲವು ಯಂತ್ರಗಳ ಟೋನರಿನಲ್ಲೇ ಕಬ್ಬಿಣದ ಅಂಶ ಬೆರೆತಿರುತ್ತದೆ. ಕೆಲವಕ್ಕೆ ಟೋನರ್ ಬೇರೆ, ಅದನ್ನು ಹೊತ್ತೊಯ್ಯುವ ಕಬ್ಬಿಣದ ಡೆವಲಪರ್ ಪುಡಿ ಬೇರೆ. ಬಿಡಿಯಾಗಿ ಚೀಲಗಳಲ್ಲಿ ಬರುತ್ತಿದ್ದ ಮಾಲಿನ ಮೇಲೆ ಏನು ಬರೆದಿದ್ದರೂ ನಂಬುವಂತಿರಲಿಲ್ಲ. ಚಿಟಿಕೆ ಪುಡಿಯನ್ನು ಹಾಳೆಯ ಮೇಲೆ ಹಾಕಿ ಕೆಳಗಿನಿಂದ ಆಯಸ್ಕಾಂತ ಆಡಿಸಿದರೆ ಸಾಕು: ಪುಡಿ ಹಿಂದೆಯೇ ಓಡಿಬಂದರೆ ಮೊದಲ ಜಾತಿ, ಸುಮ್ಮನೆ ಕೂತರೆ ಎರಡನೆಯದು. ಡ್ರಮ್ಮಿನಲ್ಲಿ ಉಳಿದ ಟೋನರನ್ನು ಕೆರೆದು ತೆಗೆಯುವ ಹೊಸ ಕ್ಲೀನಿಂಗ್ ಬ್ಲೇಡ್ ಹಾಕುವಾಗ ಅದರ ಅಂಚಿಗೆ ಇದೇ ಟೋನರನ್ನು ತೆಳ್ಳಗೆ ಸವರುತ್ತಿದ್ದೆವು. ಒಣ ರಬ್ಬರು ನುಣುಪು ಡ್ರಮ್ಮಿಗೆ ಕಚ್ಚಿಕೊಂಡು ಮಗುಚಿಬಿಟ್ಟರೆ ಬ್ಲೇಡೂ ಹೋಯಿತು, ಕೆಲವೊಮ್ಮೆ ಡ್ರಮ್ಮೂ. ಈ ಸವರುವ ಅಭ್ಯಾಸ ಇಂದಿಗೂ ಬೇಕು.

ಬೇಡವಾದದ್ದೂ ಇದೆ, ಅದನ್ನು ಮುಚ್ಚಿಡಬಾರದು. ಬಾಗಿಲ ಸ್ವಿಚ್ಚಿಗೆ ಬೆಂಕಿಪೊಟ್ಟಣದ ಚೂರು ಸಿಕ್ಕಿಸಿ, ತೆರೆದ ಯಂತ್ರವನ್ನೇ ಓಡಿಸಿ ನೋಡುವುದು ಆಗ ಸಾಮಾನ್ಯವಾಗಿತ್ತು. ನೋಡಿ ಮುಗಿದ ಮೇಲೆ ಆ ಚೂರನ್ನು ಅಲ್ಲೇ ಮರೆತು ಹೋಗುವವರೂ ಇದ್ದರು. ಅದಕ್ಕಿಂತ ಕೆಟ್ಟದ್ದು ಫ್ಯೂಸರಿನ ಥರ್ಮಲ್ ಫ್ಯೂಸು ಹೋದಾಗ ಎರಡು ತುದಿಗಳನ್ನು ತಾಮ್ರದ ತಂತಿಯಿಂದ ಬೆಸೆಯುವುದು. ಫ್ಯೂಸರ್ 200 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಶಾಖ ಅಳೆಯುವ ಥರ್ಮಿಸ್ಟರ್ ತಪ್ಪು ಓದಿದ ದಿನ ಶಾಖವನ್ನು ತಡೆಯಲು ಆ ಒಂದು ಫ್ಯೂಸು ಬಿಟ್ಟರೆ ಬೇರೆ ದಿಕ್ಕಿಲ್ಲ, ಸುತ್ತಲೂ ಕಾಗದ. ಇದನ್ನು ಜಾಣತನ ಎಂದು ಹೇಳಿಕೊಳ್ಳುವ ಹಳಬರು ಈಗಲೂ ಸಿಗುತ್ತಾರೆ. ನಾನು ಒಪ್ಪುವುದಿಲ್ಲ.

ಟೋನರ್ ಚೆಲ್ಲಿದಾಗ ಮನೆಯ ವ್ಯಾಕ್ಯೂಮ್ ಕ್ಲೀನರ್ ತರುವವರಿಗೂ ಒಂದು ಮಾತು: ಆ ಪುಡಿಯ ಕಣ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು, ಚೀಲದ ಬಟ್ಟೆಯನ್ನು ದಾಟಿ ಕೋಣೆಯೆಲ್ಲ ಹರಡುತ್ತದೆ. ಒದ್ದೆ ಬಟ್ಟೆಯೇ ವಾಸಿ. ಅಂಗಿಗೆ ಬಿದ್ದರೆ ಕೊಡವಿ, ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಫ್ಯೂಸರ್ ಮಾಡುವ ಕೆಲಸವನ್ನು ನೀವೇ ಮಾಡಿಕೊಂಡಂತೆ, ಕಲೆ ಅಂಗಿಯ ಜೊತೆಗೇ ಹೋಗಬೇಕು.