ಬಿಟಿ ಕಾಫಿ ಬಂದರೆ? ಕುಲಾಂತರಿ ಗಿಡವನ್ನು ಹೊರಗೆ ಬಿಡುವ ಮೊದಲು ಏನೇನು ನೋಡಬೇಕು

"ಹತ್ತಿಗೆ ಬಿಟಿ ಬಂದ ಹಾಗೆ ಅರೇಬಿಕಾ ಕಾಫಿಗೂ ಬಂದುಬಿಟ್ಟರೆ ಕಾಂಡಕೊರಕದ ಕಾಟ ತಪ್ಪುತ್ತಿತ್ತು ಅಲ್ವಾ?" ಗೋಣಿಕೊಪ್ಪಲಿನ ಸಂತೆಯಲ್ಲಿ ಸಿಕ್ಕ ಗೆಳೆಯನ ಪ್ರಶ್ನೆ ಇದು. ಬಿಟಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ; ಹುಳ ಕೊಲ್ಲುವ ಅದರ ಜೀನ್ ಸೇರಿಸಿದ ಗಿಡವೇ ಬಿಟಿ ಗಿಡ. ಹೀಗೆ ಬೇರೆ ಜೀವಿಯ ಜೀನ್ ಸೇರಿಸಿದ್ದನ್ನೇ ಕುಲಾಂತರಿ ಅನ್ನುವುದು. ಅಂಥ ಕಾಫಿ ಗಿಡ ಇನ್ನೂ ನಮ್ಮ ತೋಟಗಳಿಗೆ ಬಂದಿಲ್ಲ. ಬರುವುದೇ ಆದರೆ ಹೇಗೆ ಪರೀಕ್ಷೆ ಮಾಡಬೇಕು, ನೋಡೋಣ.

ಮೊದಲು ಯಾವ ಜೀನ್, ಯಾವ ಹುಳಕ್ಕೆ ಅಂತ ಕೇಳಿ. ಬಿಟಿ ಹತ್ತಿಯಲ್ಲಿರುವ ಕ್ರೈ1ಎಸಿ ಅನ್ನುವ ಜೀನ್ ಕೊಲ್ಲುವುದು ಪತಂಗದ ಮರಿಹುಳಗಳನ್ನು. ನಮ್ಮ ಬಿಳಿ ಕಾಂಡಕೊರಕ ದುಂಬಿ ಜಾತಿಯದು. ಆ ಜೀನ್ ತಂದು ಹಾಕಿದರೆ ಸುಮ್ನೆ ದಂಡ.

ಆಮೇಲೆ ಪ್ರಯೋಗಾಲಯ. ಕುಲಾಂತರಿಗಳ ಬಗೆಗಿನ 1989ರ ನಿಯಮದ ಪ್ರಕಾರ ಮೊದಲು ಸಂಸ್ಥೆಯೊಳಗಿನ ಸುರಕ್ಷತಾ ಸಮಿತಿ, ಅದರ ಮೇಲೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಸಿಜಿಎಂ ಸಮಿತಿ, ಕೊನೆಗೆ ಪರಿಸರ ಸಚಿವಾಲಯದ ಜಿಇಎಸಿ ಸಮಿತಿ ಪರಿಶೀಲಿಸಬೇಕು. ಹೊಸ ಪ್ರೋಟೀನ್ ಹೊಟ್ಟೆಯಲ್ಲಿ ಕರಗುತ್ತದಾ, ಅಲರ್ಜಿ ತರುವ ಪ್ರೋಟೀನ್‌ಗಳನ್ನು ಹೋಲುತ್ತದಾ ನೋಡುತ್ತಾರೆ. ಇಲಿಗಳಿಗೆ 90 ದಿನ ತಿನ್ನಿಸುತ್ತಾರೆ. ಹೆಚ್ಚಿನ ಪರೀಕ್ಷೆಗಳ ಫಲಿತಾಂಶ ಕೊಡುವುದು ಗಿಡ ತಯಾರಿಸಿದವರೇ. ನನಗೆ ಸರಿಬಾರದ ಮಾತು ಇದೊಂದು.

ಮೂರನೆಯದು ಪರಾಗ, ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲೇ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಆಗ ಗಿಡದಡಿ ನಿಂತು ನೋಡಿ, ತಲೆ ಮೇಲೆಲ್ಲ ಜೇನಿನ ಝೇಂಕಾರ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ತರಬೇಕು ಇಲ್ಲವೇ ಜೇನು ತರಬೇಕು, ಹೆಜ್ಜೇನಿಗಂತೂ ನನ್ನ ಬೇಲಿ ಯಾವುದು, ಪಕ್ಕದವರ ಬೇಲಿ ಯಾವುದು? ಹಾಗಾಗಿ ಎರಡಕ್ಕೂ ಒಂದೇ ಅಳತೆ ನಡೆಯುವುದಿಲ್ಲ. ಆ ಪರಾಗ ತಿಂದ ಜೇನಿಗೆ ಏನಾಗುತ್ತದೆ ಅನ್ನುವುದನ್ನೂ ಬೇರೆಯಾಗಿ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ಹೊಲದ ಪ್ರಯೋಗ. ಮೊದಲ ಹಂತದಲ್ಲಿ ಒಂದು ಜಾಗಕ್ಕೆ 1 ಎಕರೆ ಮೀರುವಂತಿಲ್ಲ, ಎರಡನೆಯದರಲ್ಲಿ 2.5 ಎಕರೆ. ಸುತ್ತ ಅಂತರ ಬಿಡಬೇಕು, ರಾಜ್ಯ ಸರ್ಕಾರ ಒಪ್ಪಬೇಕು, ಕೊಯ್ಲಿನ ಮೇಲೂ ಉದುರಿದ ಬೀಜದಿಂದ ಹುಟ್ಟಿದ ಸಸಿಗಳನ್ನು ಹುಡುಕಿ ಕೀಳಬೇಕು. ಹತ್ತಿ, ಸಾಸಿವೆಗೆ ಇದು ಸರಿ. ಕಾಫಿಯಲ್ಲಿ? ಪುನುಗು ಬೆಕ್ಕು ಹಣ್ಣು ತಿಂದು ಬೀಜವನ್ನು ಎಲ್ಲೋ ಹಾಕಿ ಹೋಗುತ್ತದೆ. ಗಿಡವೋ ಮೂವತ್ತು-ನಲವತ್ತು ವರ್ಷ ನಿಲ್ಲುವಂಥದ್ದು. ಬೇಡವಾದರೆ ಮುಂದಿನ ಸಲ ಬೇರೆ ಬೀಜ ಹಾಕೋಣ ಅನ್ನಲಾಗುವುದಿಲ್ಲ.

ಜಿಇಎಸಿ ಹೂಂ ಅಂದರೂ ಮುಗಿಯಲಿಲ್ಲ. ಬಿಟಿ ಬದನೆಗೆ ಅದು 2009ರ ಅಕ್ಟೋಬರಿನಲ್ಲಿ ಒಪ್ಪಿತ್ತು, ಆದರೆ 2010ರ ಫೆಬ್ರುವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ತಡೆದರು. ಕುಲಾಂತರಿ ಸಾಸಿವೆ 2022ರಲ್ಲಿ ಒಪ್ಪಿಗೆ ಪಡೆದು ಸುಪ್ರೀಂ ಕೋರ್ಟಿಗೆ ಹೋಯಿತು, 2024ರಲ್ಲಿ ಇಬ್ಬರು ನ್ಯಾಯಮೂರ್ತಿಗಳದೂ ಬೇರೆ ಬೇರೆ ತೀರ್ಪು. 2002ರಲ್ಲಿ ಬಂದ ಬಿಟಿ ಹತ್ತಿಗೇ ಈಗ ಗುಲಾಬಿ ಕಾಯಿಕೊರಕ ಬಗ್ಗುತ್ತಿಲ್ಲ. ಗಿಡ ಹೊರಗೆ ಬಂದ ಮೇಲೂ ಕಣ್ಣಿಟ್ಟಿರಬೇಕು ಅನ್ನುವುದು ಅದಕ್ಕೇ.

ಇದನ್ನೆಲ್ಲ ಹೇಳಿದೆ. ಗೆಳೆಯ ನಕ್ಕ. "ಹಾಗಾದ್ರೆ ಈ ವರ್ಷವೂ ಕೊರಕಕ್ಕೆ ಕಾಂಡ ಉಜ್ಜಿ ಸುಣ್ಣ ಬಳಿಯೋದೇ ಮಾರಾಯ," ಅಂದು ಸುಣ್ಣದ ರೇಟು ಕೇಳಲು ಹೋದ.