ಚೀಲದ ಮೇಲಿನ ಚಿತ್ರ

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಕುಟುಂಬಗಳಿಗೆ ನೆರವಾಗುವ ನಮ್ಮ ಟ್ರಸ್ಟಿನ ಮೊದಲ ದಿನಸಿ ಚೀಲಗಳ ಮೇಲೆ ತೀರಿಹೋದ ನನ್ನ ಮಗನ ಚಿತ್ರವಿತ್ತು. ಅವನ ಹೆಸರು, ಜನನ ಮರಣಗಳ ದಿನಾಂಕ, ಕೆಳಗೆ ‘ಸವಿನೆನಪಿಗಾಗಿ’ ಎಂಬ ಸಾಲು. ಹಾಸನದಲ್ಲೇ ಇನ್ನೂರು ಚೀಲ ಅಚ್ಚು ಹಾಕಿಸಿದ್ದೆವು. ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ಮೊದಲ ಚೀಲವನ್ನು ಪಡೆದ ತಾಯಿ ಅಕ್ಕಿ, ಬೇಳೆ, ಬೆಲ್ಲವನ್ನೆಲ್ಲ ತಮ್ಮ ಡಬ್ಬಗಳಿಗೆ ಸುರಿದುಕೊಂಡು, ಚೀಲವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಮರಳಿಸಿ, ‘ಅಕ್ಕಾ, ತಪ್ಪು ತಿಳೀಬೇಡಿ, ಇದು ಮನೇಲಿ ಬೇಡ’ ಎಂದರು. ಅವರ ಮಗಳಿಗೂ ನನ್ನ ಮಗನಿಗೆ ಬಂದಿದ್ದ ರಕ್ತದ ಕ್ಯಾನ್ಸರೇ ಬಂದಿತ್ತು. ಚಿಕಿತ್ಸೆಯ ಮೂರನೆಯ ತಿಂಗಳು. ನನಗೆ ಮೊದಲು ಬಂದದ್ದು ಸಿಟ್ಟು. ಬಾಳ್ಳುಪೇಟೆ ದಾಟುವ ಹೊತ್ತಿಗೆ, ಬದುಕಿಸಿಕೊಳ್ಳಲು ಹೆಣಗುತ್ತಿರುವ ತಾಯಿಯ ಅಡುಗೆಮನೆಯಲ್ಲಿ ಅದೇ ಕಾಯಿಲೆಯಿಂದ ಸತ್ತ ಮಗುವಿನ ಮುಖವನ್ನು ನೇತುಹಾಕಲು ಹೊರಟಿದ್ದೆನೆಂಬುದು ಹೊಳೆಯಿತು. ಉಳಿದ ಚೀಲಗಳನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ಹೊಲಿಸಿದೆವು. ಟ್ರಸ್ಟಿನ ಪತ್ರದಲ್ಲಿ ಮಾತ್ರ ಅವನ ಹೆಸರು ಉಳಿದಿದೆ.

ಸಂಸ್ಥೆ ಕಟ್ಟಿದ ಬಗೆಯನ್ನು ಹೇಳುವಾಗ ಇದನ್ನೇ ಮೊದಲು ಹೇಳಲು ಕಾರಣವಿದೆ. ಮಗುವನ್ನು ಕಳೆದುಕೊಂಡವರು ಇಂಥ ಕೆಲಸಕ್ಕೆ ಇಳಿದಾಗ ಮೊದಲ ಒಂದೆರಡು ವರ್ಷ ಅವರು ನೆರವಾಗುವುದು ಹೆಚ್ಚಾಗಿ ತಮಗೇ. ನಾವೂ ಅದಕ್ಕೆ ಹೊರತಾಗಿರಲಿಲ್ಲ.

ನನ್ನ ಮಗ ಹದಿನಾಲ್ಕು ತಿಂಗಳ ಚಿಕಿತ್ಸೆಯ ನಂತರ, ಏಳನೆಯ ವಯಸ್ಸಿನಲ್ಲಿ ತೀರಿಕೊಂಡ. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ನೇರ ರೈಲು ಬಂದದ್ದು 2017ರಲ್ಲಿ. ಚಿಕಿತ್ಸೆಗೆಂದು ನಾವು ಓಡಾಡಿದ್ದು ಅದಕ್ಕೂ ಮೊದಲು, ಬಸ್ಸಿನಲ್ಲಿ, ವಾಂತಿಗೆಂದು ಪ್ಲಾಸ್ಟಿಕ್ ಕವರು ಹಿಡಿದುಕೊಂಡು. ನಾವು ಜೈನರು. ಸಾವಿನ ಮನೆಗೆ ಬಂದ ಹಿರಿಯರು ‘ಅವನ ಆಯುಕರ್ಮ ಅಷ್ಟೇ ಇತ್ತು’ ಎಂದು ಸಮಾಧಾನ ಹೇಳಿದರು. ಅವರು ಧರ್ಮದಲ್ಲಿದ್ದುದನ್ನೇ ಹೇಳಿದ್ದರು, ಆದರೂ ಆ ಮಾತನ್ನು ಕೇಳಿ ಸುಮಾರು ಒಂದು ವರ್ಷ ನಾನು ಬಸದಿಯ ಮೆಟ್ಟಿಲು ಹತ್ತಲಿಲ್ಲ. ಮರಳಿ ಹೋದದ್ದು ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟಕ್ಕೆ. ರಾಣಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿಯ ನೆರಳಿನಲ್ಲಿ ಕುಳಿತಿದ್ದಾಗ, ಇಲ್ಲಿನ ಶಾಸನಗಳು ದಾನಿಗಳನ್ನು ಹೊಗಳುವಾಗ ಮತ್ತೆ ಮತ್ತೆ ಬಳಸುವ ‘ಆಹಾರಾಭಯಭೈಷಜ್ಯಶಾಸ್ತ್ರದಾನ’ ಎಂಬ ಮಾತನ್ನು ನನ್ನ ಯಜಮಾನರು ಬಿಡಿಸಿ ಹೇಳಿದರು. ಆಹಾರ, ಅಭಯ, ಔಷಧ, ವಿದ್ಯೆ. ಚಿಕ್ಕಂದಿನಿಂದ ಕೇಳಿದ್ದ ಮಾತೇ ಅದು, ಆದರೆ ಆಸ್ಪತ್ರೆಯ ಜಗಲಿಯಲ್ಲಿ ನಮಗೆ ಬೇಕಾಗಿದ್ದದ್ದೂ ಆ ನಾಲ್ಕೇ ಎಂಬುದು ಅಂದಿನವರೆಗೆ ತಲೆಗೆ ಹೋಗಿರಲಿಲ್ಲ.

ನಾನು ಗಣಿತದ ಶಿಕ್ಷಕಿ. ಮೊದಲ ಬಜೆಟ್ಟನ್ನು ಮಗನ ಚಿಕಿತ್ಸೆಯ ಕಾಲದಲ್ಲಿ ಯಜಮಾನರು ಬರೆದಿಟ್ಟಿದ್ದ ಖರ್ಚಿನ ಪುಸ್ತಕದಿಂದಲೇ ತಯಾರಿಸಿದೆ. ಕೂಡಿಸಿ ನೋಡಿದರೆ ಔಷಧಕ್ಕಿಂತ ಹೆಚ್ಚು ಹಣ ಬಸ್ಸು, ಆಟೋ, ಬಾಡಿಗೆ ಕೋಣೆ, ಹೋಟೆಲಿನ ಊಟಕ್ಕೇ ಹೋಗಿತ್ತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷದ ಚಿಕಿತ್ಸೆ ಬೇಕು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಯ ಬಸ್ ಪ್ರಯಾಣವೂ ಉಚಿತ. ಆಸ್ಪತ್ರೆಯವರು ನಮೂನೆ ತುಂಬಿಕೊಟ್ಟರೆ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆದರೆ ತೋಟದಲ್ಲಿ ದಿನಗೂಲಿ ಮಾಡುವ ತಂದೆ ಬೆಂಗಳೂರಿನಲ್ಲಿ ಕುಳಿತ ದಿನದ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ, ಮಗು ಸ್ವಲ್ಪ ಚೇತರಿಸಿಕೊಂಡಂತೆ ಕಂಡೊಡನೆ ಕೆಲವು ಕುಟುಂಬಗಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಕಂಡಿದ್ದೇನೆ. ಆದ್ದರಿಂದ ಆಸ್ಪತ್ರೆಯ ಬಿಲ್ಲಿಗೆ ನಾವು ಹಣ ಕೊಡುವುದಿಲ್ಲ. ದಿನಸಿ, ಕೋಣೆಯ ಬಾಡಿಗೆ, ಕಳೆದುಹೋದ ಕೂಲಿಯ ಒಂದು ಪಾಲು, ಇಂಥವುಗಳಿಗೇ ನಿಂತಿದ್ದೇವೆ.

ನೋಂದಣಿ ಅಷ್ಟು ಕಷ್ಟವಾಗಲಿಲ್ಲ. ಛಾಪಾ ಕಾಗದದ ಮೇಲೆ ಟ್ರಸ್ಟ್ ಡೀಡ್ ಬರೆಸಿ, ಇಬ್ಬರು ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ, ಪ್ಯಾನ್ ಪಡೆದು, ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ 80ಜಿ ನೋಂದಣಿಗಳಿಗೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿದೆವು. ಡೀಡಿನ ಮಾತುಗಳಲ್ಲಿ ಮಾತ್ರ ಎಡವಿದೆವು. ಕರಡಿನಲ್ಲಿ ಹಿರಿಯರೊಬ್ಬರ ಒತ್ತಾಯದಿಂದ ‘ಜೈನ ಸಮಾಜದ ಬಡ ಮಕ್ಕಳಿಗೆ’ ಎಂದು ಬರೆಸಿದ್ದೆವು. ಲೆಕ್ಕಪರಿಶೋಧಕರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಒಂದು ಧರ್ಮ ಅಥವಾ ಜಾತಿಯ ಹಿತಕ್ಕಾಗಿ ಎಂದು ಬರೆದುಕೊಂಡ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಧಾರ್ಮಿಕ ಸ್ವರೂಪದ ಖರ್ಚು ವರ್ಷದ ಆದಾಯದ ಶೇ. 5ನ್ನು ಮೀರಬಾರದು. ಹಿರಿಯರು ಬೇಸರಗೊಂಡರು. ನನಗೋ ಒಳಗೊಳಗೇ ಹಗುರವಾಯಿತು, ಏಕೆಂದರೆ ಆಸ್ಪತ್ರೆಯಲ್ಲಿ ನನ್ನ ಮಗನಿಗೆ ಪ್ಲೇಟ್‌ಲೆಟ್ ಕೊಟ್ಟವರಲ್ಲಿ ನಮ್ಮ ಸಮಾಜದವರು ಒಬ್ಬರೂ ಇರಲಿಲ್ಲ, ಈ ಮಾತನ್ನು ಸಭೆಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಮಕ್ಕಳಿಗೆ ವಸತಿಗೃಹ ತೆರೆಯುವ ಯೋಚನೆಯನ್ನೂ ಆಗಲೇ ಕೈಬಿಟ್ಟೆವು. ಮಗು ತಾಯಿಯ ಜೊತೆಗೇ ಇರಬೇಕು. ತಾಯಿಗೆ ಇರಲು ಜಾಗ ಸಿಕ್ಕರೆ ಸಾಕು.

ನಮ್ಮ ಕೆಲಸಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಮುಖ್ಯವಾದದ್ದೂ ಥರ್ಮಾಮೀಟರ್. ಕಿಮೊಥೆರಪಿಯಿಂದ ಬಿಳಿ ರಕ್ತಕಣಗಳು ತಗ್ಗಿದಾಗ 100.4 ಡಿಗ್ರಿ ಜ್ವರವೂ ತುರ್ತುಸ್ಥಿತಿಯೇ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬೀಳಬೇಕು. ಮನೆಯಲ್ಲಿ ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾದರೆ ಜ್ವರ ಮರೆಯಾಗುತ್ತದೆ, ಸೋಂಕು ಹಬ್ಬುತ್ತದೆ. ನಾವು ಹಾಗೆಯೇ ಒಂದು ರಾತ್ರಿ ಕಾದಿದ್ದೆವು. ಆದ್ದರಿಂದ ಪ್ರತಿ ಮನೆಗೂ ಥರ್ಮಾಮೀಟರ್ ಕೊಟ್ಟು, ನೋಡುವುದನ್ನು ಕಲಿಸಿ, ರಾತ್ರಿ ಹೊರಡಲು ಒಪ್ಪಿದ ಜೀಪಿನವರ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆದು ಬರುತ್ತೇವೆ. ಬಾಡಿಗೆ ಟ್ರಸ್ಟಿನದು, ಯಾಕೆ ಕರೆದಿರಿ ಎಂದು ನಾವು ಕೇಳುವುದಿಲ್ಲ. ಆಷಾಢದ ಮಳೆಯಲ್ಲಿ, ಮರ ಬಿದ್ದ ರಸ್ತೆಯಲ್ಲಿ, ಸುಳ್ಳು ಗಾಬರಿಗೆ ಹಾಸನದವರೆಗೆ ಜೀಪು ಬಂದು ಮರಳಿದ್ದೂ ಉಂಟು. ಲೆಕ್ಕದ ಪುಸ್ತಕದಲ್ಲಿ ಆ ಬಾಡಿಗೆಯನ್ನು ನಾನು ‘ಅಭಯ’ ಎಂಬ ತಲೆಬರಹದಡಿ ಬರೆಯುತ್ತೇನೆ. ಲೆಕ್ಕಪರಿಶೋಧಕರು ಪ್ರತಿ ವರ್ಷವೂ ಅದನ್ನು ‘ಪ್ರಯಾಣ ವೆಚ್ಚ’ ಎಂದು ತಿದ್ದುತ್ತಾರೆ.

ಧರ್ಮಕ್ಕೂ ಕೆಲಸಕ್ಕೂ ನೇರ ತಿಕ್ಕಾಟವಾದದ್ದು ಮೊಟ್ಟೆಯ ವಿಷಯದಲ್ಲಿ. ತೂಕ ಕಳೆದುಕೊಂಡ ಮಕ್ಕಳಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಿ ಎಂದು ವೈದ್ಯರು ಬರೆದುಕೊಡುತ್ತಿದ್ದರು. ನಮ್ಮ ಚೀಲದಲ್ಲಿ ತೊಗರಿಬೇಳೆ, ಹೆಸರುಕಾಳು, ಶೇಂಗಾ, ರಾಗಿ, ಹಾಲಿನ ಪುಡಿ ಇದ್ದವು. ಮೊಟ್ಟೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಮೂರು ಸಭೆಗಳು ಈ ಒಂದು ಮಾತಿನಲ್ಲೇ ಮುಗಿದವು. ಅಹಿಂಸೆಯನ್ನು ನಂಬಿದವಳು ನಾನು, ಇಂದಿಗೂ ಮೊಟ್ಟೆ ಮುಟ್ಟಿದವಳಲ್ಲ. ಆದರೆ ನನ್ನ ವ್ರತವನ್ನು ಇನ್ನೊಬ್ಬ ತಾಯಿಯ ಮಗುವಿನ ತಟ್ಟೆಯ ಮೇಲೆ ಹೇರುವುದು ಯಾವ ದಾನವೆಂದು ನನಗೆ ತಿಳಿಯಲಿಲ್ಲ. ಕೊನೆಗೆ ದಿನಸಿಯ ಜೊತೆಗೆ ತಾಯಿಯ ಬ್ಯಾಂಕ್ ಖಾತೆಗೆ ತಿಂಗಳಿಗೊಂದು ಮೊತ್ತ ಹಾಕುವುದೆಂದೂ, ಅದರಲ್ಲಿ ಏನು ಕೊಂಡಿರಿ ಎಂದು ಕೇಳಬಾರದೆಂದೂ ತೀರ್ಮಾನಿಸಿದೆವು. ಇದು ಜಾಣತನದ ದಾರಿ ಎಂದು ಕೆಲವರು ಆಡಿಕೊಂಡರು, ಅದರಲ್ಲಿ ಸ್ವಲ್ಪ ನಿಜವೂ ಇದೆ.

ಡೀಡಿನ ವಿಷಯದಲ್ಲಿ ಬೇಸರಗೊಂಡಿದ್ದ ಹಿರಿಯರು ಈ ತೀರ್ಮಾನದ ದಿನವೇ ಟ್ರಸ್ಟಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆದರೆ ಪ್ರತಿ ತಿಂಗಳ ಮೊದಲ ವಾರ ಅವರ ಚೆಕ್ಕು ತಪ್ಪದೆ ಬರುತ್ತದೆ. ರಸೀದಿಯಲ್ಲಿ ‘ತೊಗರಿಬೇಳೆಗಾಗಿ ಮಾತ್ರ’ ಎಂದು ಬರೆಸಿಕೊಳ್ಳುತ್ತಾರೆ. ಬರೆದುಕೊಡುತ್ತೇನೆ, ಬೇಳೆಯನ್ನೇ ತರಿಸುತ್ತೇನೆ.