ತುಟಿಯ ಬಗ್ಗೆ ಕೇಳಿರಲಿಲ್ಲ

"ಮೇಡಂ, ಇವಳಿಗೆ ಅಮ್ಮ ಆಗಿದೆ" ಅನ್ನುತ್ತಲೇ ತಾಯಿ ಒಳಗೆ ಬಂದರು. ಸೀತಾಳೆ ಸಿಡುಬು ಅಂತ ಅವರ ಲೆಕ್ಕ. ಮಗಳ ಜಡೆಯಲ್ಲಿ ಬೇವಿನ ಎಲೆ ಸಿಕ್ಕಿಕೊಂಡಿತ್ತು. ಹತ್ತೊಂಬತ್ತರ ಹುಡುಗಿ, ಚಿಕ್ಕಂದಿನಿಂದ ಇಸುಬು. ಮೂರು ವಾರದ ಹಿಂದೆ ಮುಖ, ಕತ್ತಿಗೆ ಟ್ಯಾಕ್ರೊಲಿಮಸ್ 0.1% ಮುಲಾಮು ಬರೆದುಕೊಟ್ಟವಳು ನಾನೇ. ಸ್ಟಿರಾಯ್ಡ್ ಜಾಸ್ತಿ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಇದರಲ್ಲಿ ಆ ಕಾಟವಿಲ್ಲ.

ಮೊದಲ ನೋಟಕ್ಕೆ ಇಸುಬೇ ಕೆರಳಿದೆ ಅನ್ನಿಸಿತು. ಹುಡುಗಿಯೂ ಹಾಗೇ ಅಂದುಕೊಂಡು ಎರಡು ದಿನದಿಂದ ಮುಲಾಮನ್ನು ಇನ್ನೂ ದಪ್ಪಗೆ ಬಳಿದಿದ್ದಳು. ಲೆನ್ಸ್ ಹಿಡಿದೆ. ಗುಳ್ಳೆಗಳೆಲ್ಲ ಒಂದೇ ಅಳತೆ. ಒಡೆದ ಕಡೆ, ಕಂಡಕ್ಟರ್ ಟಿಕೆಟ್ಟಿಗೆ ಪಂಚ್ ಹೊಡೆದ ಹಾಗೆ ದುಂಡು ತೂತು. "ತುರಿಕೆನಾ?" ಅಂದೆ. "ಇಲ್ಲ ಮೇಡಂ, ನೋವು." ಮೈ ಬಿಸಿಯಿತ್ತು, ಕಿವಿಯ ಕೆಳಗೆ ಗಂಟು. ಅಮ್ಮ ಆಗಿದ್ದರೆ ಬೆನ್ನು, ಹೊಟ್ಟೆಯಲ್ಲೂ ಇರಬೇಕಿತ್ತು ಅಲ್ವಾ? ಅಲ್ಲಿ ಒಂದೂ ಇರಲಿಲ್ಲ.

ಹೊಸ ಗುಳ್ಳೆಯೊಂದರ ಸಿಪ್ಪೆ ತೆಗೆದು, ಬುಡವನ್ನು ಬ್ಲೇಡಿನಿಂದ ಕೆರೆದು, ಸ್ಲೈಡಿಗೆ ಸವರಿ ಜೀಮ್ಸಾ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದೇ ಜೀವಕೋಶದೊಳಗೆ ಏಳೆಂಟು ನ್ಯೂಕ್ಲಿಯಸ್ ಒತ್ತಿಕೊಂಡು ಕೂತಿದ್ದವು. ಇದು ಹರ್ಪಿಸ್ ಗುಂಪಿನ ವೈರಸ್ಸಿನ ಗುರುತು. ಸೀತಾಳೆ ಸಿಡುಬಿನಲ್ಲೂ ಹೀಗೇ ಕಾಣುತ್ತದೆ, ಆದರೆ ತುಟಿಗೆ ಮತ್ತೆ ಮತ್ತೆ ಗುಳ್ಳೆ ಎಬ್ಬಿಸುವುದು ಹರ್ಪಿಸ್ ಸಿಂಪ್ಲೆಕ್ಸ್. ಹಾಗಾಗಿ ಇನ್ನೊಂದು ಪ್ರಶ್ನೆ ಉಳಿದಿತ್ತು: ತುಟಿ ಮೇಲೆ ಗುಳ್ಳೆ ಏಳುತ್ತಾ?

"ಜ್ವರ ಬಂದಾಗೆಲ್ಲ. ಹೋದ ವಾರಾನೂ ಆಗಿತ್ತು."

ಎಕ್ಸಿಮಾ ಹರ್ಪೆಟಿಕಮ್, ಅಂದರೆ ಇಸುಬಿನ ಚರ್ಮದ ಮೇಲೆ ಹರ್ಪಿಸ್ ಹರಡುವುದು. 1887ರಲ್ಲೇ ಚರ್ಮದ ಡಾಕ್ಟರ್ ಕಾಪೊಸಿ ಬರೆದಿಟ್ಟ ಕಾಯಿಲೆ. ಟ್ಯಾಕ್ರೊಲಿಮಸ್ ರೋಗನಿರೋಧಕ ಪಡೆಯ ಟಿ ಜೀವಕೋಶಗಳನ್ನು ಸುಮ್ಮನಿರಿಸುತ್ತದೆ, ಅದರಿಂದಲೇ ಇಸುಬು ಇಳಿಯುವುದು. ವೈರಸ್‌ಗೆ ಕಾವಲು ಕಾಯುವವೂ ಅವೇ. ಹಾಗಂತ ಮುಲಾಮನ್ನೇ ಬೈದು ಪ್ರಯೋಜನವಿಲ್ಲ. ಇಸುಬಿನ ಚರ್ಮ ಬೇಲಿ ಮುರಿದ ಹೊಲ, ಏನೂ ಹಚ್ಚದವರಿಗೂ ಇದು ಬರುತ್ತದೆ.

ಮುಲಾಮು ಆ ಕ್ಷಣಕ್ಕೇ ಬಂದ್. ಹರ್ಪಿಸ್ ವೈರಸ್ ತಡೆಯುವ ಅಸಿಕ್ಲೋವಿರ್ ಮಾತ್ರೆ ದಿನಕ್ಕೆ 5 ಸಲ, ಮೊದಲನೆಯದನ್ನು ನನ್ನೆದುರೇ ನುಂಗಿಸಿದೆ. ಒಂದು ಗುಳ್ಳೆ ರೆಪ್ಪೆಯ ಹತ್ತಿರ ಇತ್ತು. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾಗೆ ತಗುಲಿದರೆ ದೃಷ್ಟಿಗೇ ಕುತ್ತು, ಅದಕ್ಕೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಜ್ವರ ಏರಿದರೆ, ನೀರೂ ಸೇರದಿದ್ದರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಗುತ್ತದೆ ಎಂದು ತಾಯಿಗೆ ಹೇಳಿದೆ. "ಬೇವಿನ ಸೊಪ್ಪು?" ಅಂದರು. ಗಾಯಕ್ಕೆ ಸವರಬೇಡಿ, ಬಾಗಿಲಿಗೆ ಕಟ್ಟಿಕೊಳ್ಳಿ ಅಂದೆ.

ಏಳನೇ ದಿನ ಬಂದಾಗ ಹಕ್ಕಳೆ ಉದುರುತ್ತಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ.

ಮುಲಾಮು ಬರೆದುಕೊಟ್ಟ ದಿನ ತುಟಿಯ ಬಗ್ಗೆ ನಾನು ಕೇಳಿರಲೇ ಇಲ್ಲ. ಈಗ ಕೇಳುತ್ತೇನೆ. ಚೀಟಿಯ ಹಿಂದೆ ಕೈಯಲ್ಲೇ ಬರೆದೂ ಕೊಡುತ್ತೇನೆ: ತುಟಿಗೆ ಗುಳ್ಳೆ ಎದ್ದರೆ ಹಚ್ಚುವುದು ನಿಲ್ಲಿಸಿ, ಫೋನ್ ಮಾಡಿ.